ಸುಗ್ಗಿಯ ರಜವೂ ಮುಯ್ಯಿಯ ಲೆಕ್ಕವೂ

ಚಳಿಗಾಲದ ರಜದಲ್ಲಿ ಏನು ಮಾಡಿದಿರಿ ಎಂದು ಕಾಲೇಜು ಮರಳಿ ತೆರೆದ ದಿನ ಅಧ್ಯಾಪಕರು ಕೇಳುವುದುಂಟು. "ಏನೂ ಇಲ್ಲ ಸಾರ್, ಊರಿಗೆ ಹೋಗಿದ್ದೆ" ಎಂಬುದು ನಮ್ಮಲ್ಲಿ ಮುಕ್ಕಾಲು ಮಂದಿ ಕೊಡುವ ಉತ್ತರ. ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕುಗಳ ಹಳ್ಳಿಗಳಿಂದ ಬರುವ ನಮಗೆ ಆ "ಏನೂ ಇಲ್ಲ" ಎಂಬ ಮಾತಿನೊಳಗೆ ಏನೇನು ಅಡಗಿದೆಯೆಂಬುದು ಚೆನ್ನಾಗಿ ಗೊತ್ತು. ಕ್ರಿಸ್‌ಮಸ್ಸಿನಿಂದ ಸಂಕ್ರಾಂತಿಯವರೆಗಿನ ಮೂರು ವಾರಗಳಲ್ಲಿ ಕೆಲವು ದಿನ ಸರ್ಕಾರ ಕೊಟ್ಟ ರಜ, ಕೆಲವು ಭಾನುವಾರದ ರಜ, ಉಳಿದವು ನಾವೇ ನಮಗೆ ಮಂಜೂರು ಮಾಡಿಕೊಂಡ ರಜ. ಈ ಮೂರು ಬಗೆಯ ರಜಗಳಲ್ಲಿಯೂ ಕೆಲಸಕ್ಕೆ ಮಾತ್ರ ರಜವಿಲ್ಲ. ಅದು ಸುಗ್ಗಿಯ ಕಾಲ. ರಾಗಿ ಒಕ್ಕಬೇಕು, ಹುರುಳಿ ಬಡಿಯಬೇಕು, ತೊಗರಿ ಕಡ್ಡಿ ತರಬೇಕು, ಮನೆಗೆ ಬಂದ ನೆಂಟರಿಗೆಲ್ಲ ಅವರೆಕಾಯಿ ಸುಲಿದು ಹಾಕಬೇಕು.

ಸುಗ್ಗಿಯ ವೈಭವವನ್ನು ವರ್ಣಿಸುವುದು ಈ ಲೇಖನದ ಉದ್ದೇಶವಲ್ಲ; ಆ ಕೆಲಸವನ್ನು ಕವಿಗಳು ಸಾಕಷ್ಟು ಮಾಡಿದ್ದಾರೆ. ಆ ಮೂರು ವಾರಗಳಲ್ಲಿ ದಿನನಿತ್ಯ ನಡೆಯುವ ಸಣ್ಣಪುಟ್ಟ ಅವಘಡಗಳು, ಆ ಹೊತ್ತಿಗೆ ಕರೆಯದೆಯೇ ಒದಗುವ ಕೈಗಳು, ಆ ಕೈಗಳಿಗೆ ಓದಿದ ನಾವು ಹಿಂದಿರುಗಿಸುತ್ತಿರುವುದೇನು ಎಂಬ ಪ್ರಶ್ನೆ, ಇವಿಷ್ಟೇ ನನ್ನ ವಿಷಯ.

ಮೊದಲು ಅವಘಡಗಳ ಮಾತು. ಚಳಿಗಾಲದ ಅವಘಡಗಳಿಗೆ ಒಂದು ಗುಣವಿದೆ. ಅವು ಬಹುಮಟ್ಟಿಗೆ ಮುಂಜಾನೆಯೇ ಆರಂಭವಾಗುತ್ತವೆ. ಹಂಡೆಯೊಲೆಗೆ ಹಾಕಿದ ಸೌದೆ ಇಬ್ಬನಿಗೆ ನೆಂದು ಹೊಗೆಯನ್ನಷ್ಟೇ ಕೊಡುತ್ತದೆ. ಮೊದಲ ಬಸ್ಸು ಮಂಜಿನಲ್ಲಿ ಬಂದದ್ದೂ ಕಾಣುವುದಿಲ್ಲ, ಹೋದದ್ದೂ ಕಾಣುವುದಿಲ್ಲ. ನೆಂಟರು ಬರುತ್ತಾರೆಂದು ರಾತ್ರಿಯೇ ನೆನೆಹಾಕಿದ ಹಿತಕವರೆ ಹೆಚ್ಚಾಗುತ್ತದೆ, ಇಲ್ಲವೆ ನೆಂಟರು ಹೆಚ್ಚಾಗುತ್ತಾರೆ. ಚಳಿ ಕಾಯಿಸಲೆಂದು ಹುಡುಗರು ತಿಪ್ಪೆಯ ಬಳಿ ಹಾಕಿದ ಬೆಂಕಿಯ ಕಿಡಿಯೊಂದು ಗಾಳಿಯಲ್ಲಿ ತೇಲಿ ಹುಲ್ಲಿನ ಬಣವೆಯ ಕಡೆಗೆ ಹೊರಡುತ್ತದೆ. ಆಗ ಊರಿಗೆ ಊರೇ ಬಿಂದಿಗೆ ಹಿಡಿದು ಓಡುತ್ತದೆ. ಬಣವೆ ಯಾರದು, ಅವನಿಗೂ ನಮಗೂ ಮಾತಿದೆಯೇ ಇಲ್ಲವೇ ಎಂದು ಆ ಗಳಿಗೆಯಲ್ಲಿ ಯಾರೂ ಕೇಳುವುದಿಲ್ಲ. ಮಾತು ಬಿಟ್ಟ ದಾಯಾದಿಗಳು ಒಂದೇ ತೊಟ್ಟಿಗೆ ಬಿಂದಿಗೆ ಮುಳುಗಿಸುವುದನ್ನು ನೋಡಬೇಕಾದರೆ ಬಣವೆಗೆ ಬೆಂಕಿ ಬೀಳಬೇಕು.

ಮಳೆಯ ಅವಘಡ ಇದಕ್ಕಿಂತ ದೊಡ್ಡದು. ಆಷಾಢದಲ್ಲಿ ಕೈಮುಗಿದು ಕರೆದರೂ ಬಾರದ ಮಳೆ ಮಾರ್ಗಶಿರದಲ್ಲಿ ಕರೆಯದೆ ಬರುತ್ತದೆ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿದರೆ ಅದರ ಮೋಡ ನಮ್ಮ ಹೊಲದ ಮೇಲೆ ನಿಲ್ಲುತ್ತದೆ. 2022ರ ಡಿಸೆಂಬರಿನಲ್ಲಿ ಮಾಂಡೌಸ್, 2024ರ ನವೆಂಬರ್ ಕೊನೆಯಲ್ಲಿ ಫೆಂಗಲ್ ಎಂಬ ಚಂಡಮಾರುತಗಳು ತಮಿಳುನಾಡಿನ ಕಡೆ ದಡ ಸೇರಿದವು. ಅವು ತಂದ ತುಂತುರು ದಕ್ಷಿಣ ಒಳನಾಡಿನ ರಾಗಿಯ ಕುಯ್ಲಿನ ಮೇಲೆ ಬಿತ್ತು. ಕೊಯ್ದು ಹಾಸಿದ ರಾಗಿ ಎರಡು ದಿನ ನೆಂದರೆ ತೆನೆಯಲ್ಲೇ ಮೊಳಕೆಯೊಡೆಯುತ್ತದೆ, ಹುಲ್ಲು ಕಪ್ಪಾಗಿ ದನವೂ ಮೂಸುವುದಿಲ್ಲ. ಮೋಡ ಕಂಡ ಕೂಡಲೆ ಕಂತೆ ಹೊತ್ತು ಓಡುವವರಲ್ಲಿ ಆ ಹೊಲದವರು ಇಬ್ಬರಾದರೆ ಪಕ್ಕದ ಹೊಲದವರು ನಾಲ್ವರು. ಟಾರ್ಪಾಲು ಯಾರದೋ, ಹಗ್ಗ ಯಾರದೋ, ಅದರ ಮೇಲಿಟ್ಟ ಕಲ್ಲು ಯಾರದೋ. ಮಳೆ ನಿಂತ ಮೇಲೆ ಎಲ್ಲರೂ ಒಂದು ಲೋಟ ಬೆಲ್ಲದ ಕಾಫಿ ಕುಡಿದು ತಮ್ಮ ತಮ್ಮ ಹೊಲಕ್ಕೆ ಹೋಗುತ್ತಾರೆ. ವಂದನಾರ್ಪಣೆ ಎಂಬ ಕಾರ್ಯಕ್ರಮ ಅಲ್ಲಿ ಇರುವುದಿಲ್ಲ.

ಇಲ್ಲಿಯೇ ನನ್ನ ವಿಚಾರ ಆರಂಭವಾಗುತ್ತದೆ. ಹಳ್ಳಿಯಲ್ಲಿ ವಂದನಾರ್ಪಣೆ ಇಲ್ಲವೆಂದ ಮಾತ್ರಕ್ಕೆ ಅಲ್ಲಿ ಕೃತಜ್ಞತೆ ಇಲ್ಲವೆಂದು ತಿಳಿಯಬಹುದೇ? ಕಾಲೇಜು ಮೆಟ್ಟಿಲು ಹತ್ತಿದ ಮೊದಲ ವರ್ಷವೇ ನಾವು "ಥ್ಯಾಂಕ್ಸ್" ಎನ್ನಲು ಕಲಿತೆವು. ಪೆನ್ನು ಕೊಟ್ಟರೆ ಥ್ಯಾಂಕ್ಸ್, ಬಸ್ಸಿನಲ್ಲಿ ಸರಿದು ಕೂತರೆ ಥ್ಯಾಂಕ್ಸ್. ಆ ಅಭ್ಯಾಸದಲ್ಲಿ ಊರಿನ ಹಿರಿಯರಿಗೂ ಹಾಗೆಂದರೆ ಅವರು ಮುಖ ಸಣ್ಣ ಮಾಡಿಕೊಳ್ಳುತ್ತಾರೆ. "ಅದ್ಯಾಕಪ್ಪಾ, ನಾವೇನು ಹೊರಗಿನೋರಾ?" ಎನ್ನುತ್ತಾರೆ. ಅವರ ಕಿವಿಗೆ ಆ ಮಾತು, ಅಂಗಡಿಯಲ್ಲಿ ಬಾಕಿ ಕೊಟ್ಟು ಚೀಟಿ ಹರಿದಂತೆ ಕೇಳಿಸುತ್ತದೆ. ಲೆಕ್ಕ ಮುಗಿಯಿತು, ಇನ್ನು ನೀನು ಯಾರೋ ನಾನು ಯಾರೋ ಎಂದಂತೆ. ಅವರು ಬಯಸುವುದು ಲೆಕ್ಕ ಮುಗಿಯುವುದನ್ನಲ್ಲ. ಅದು ಹೀಗೆಯೇ ನಡೆಯುತ್ತಿರಲಿ ಎಂಬುದನ್ನು.

ಹೀಗೆ ನಡೆಯುತ್ತಲೇ ಇರುವ ಲೆಕ್ಕಕ್ಕೆ ನಮ್ಮ ಕನ್ನಡದಲ್ಲಿ ಒಂದು ಸೊಗಸಾದ ಹೆಸರಿದೆ: ಮುಯ್ಯಿ. ಇಂದು ನನ್ನ ರಾಗಿ ಕೊಯ್ಯಲು ನೀನು ಬಂದರೆ ನಾಳೆ ನಿನ್ನ ಹೊಲಕ್ಕೆ ನಾನು ಬರಬೇಕು, ಅಂಥವನು ಮುಯ್ಯಾಳು. ಅವನಿಗೆ ಕೂಲಿ ಇಲ್ಲ, ಊಟವುಂಟು. ಮದುವೆಯ ಮನೆಯಲ್ಲಿ ಮುಯ್ಯಿ ಬರೆಯುವ ಪುಸ್ತಕವೊಂದು ಇರುತ್ತದೆ. ಯಾರು ಎಷ್ಟು ಓದಿಸಿದರೆಂದು ಅದರಲ್ಲಿ ಬರೆದಿಟ್ಟು, ಅವರ ಮನೆಯ ಶುಭಕಾರ್ಯಕ್ಕೆ ಅಷ್ಟನ್ನೋ ಅದಕ್ಕಿಂತ ಒಂದು ರೂಪಾಯಿ ಹೆಚ್ಚನ್ನೋ ಹಿಂದಿರುಗಿಸುತ್ತಾರೆ. ಸ್ವಾರಸ್ಯವೇನೆಂದರೆ ಸೇಡಿಗೂ ಇದೇ ಪದ. ಮುಯ್ಯಿಗೆ ಮುಯ್ಯಿ ಎಂದರೆ ಏಟಿಗೆ ಎದುರೇಟು. ಉಪಕಾರವಾಗಲಿ ಅಪಕಾರವಾಗಲಿ, ಪಡೆದದ್ದನ್ನು ಮರೆಯಲಾರೆ ಎಂಬುದೊಂದೇ ಈ ಪದದ ಒಳಗಿರುವ ಅರ್ಥ. ಥ್ಯಾಂಕ್ಸ್ ಎಂಬುದು ಬಾಯಿಂದ ಹೊರಟು ಗಾಳಿಗೆ ಸೇರುತ್ತದೆ. ಮುಯ್ಯಿ ರಟ್ಟೆಯಲ್ಲಿ ಉಳಿಯುತ್ತದೆ. ಇವೆರಡರಲ್ಲಿ ಹೆಚ್ಚಿನದು ಯಾವುದೆಂದು ನನ್ನನ್ನು ಕೇಳಿದರೆ ಮುಯ್ಯಿ ಎಂದೇ ಹೇಳುತ್ತೇನೆ.

ಇಷ್ಟು ಹೇಳಿ ಲೇಖನವನ್ನು ಮುಗಿಸಿದ್ದರೆ ಹಳ್ಳಿಯ ಹಿರಿಮೆಯನ್ನು ಹಾಡಿದ ಸಂತೋಷ ನನಗೂ ಓದಿದ ಸಂತೋಷ ನಿಮಗೂ ಆಗುತ್ತಿತ್ತು. ಆದರೆ ಹಾಗೆ ಮುಗಿಸಲು ಬರುವುದಿಲ್ಲ. ಮುಯ್ಯಿಗೆ ಒಂದು ಮಿತಿಯುಂಟು. ಅದು ಸರೀಕರ ನಡುವೆ ಮಾತ್ರ ನಡೆಯುತ್ತದೆ. ನಿನ್ನ ಹೊಲಕ್ಕೆ ನಾನು ಬಂದದ್ದಕ್ಕೆ ನನ್ನ ಹೊಲಕ್ಕೆ ನೀನು ಬರಬೇಕಾದರೆ ನನಗೊಂದು ಹೊಲವಿರಬೇಕಷ್ಟೆ. ಹೊಲವೇ ಇಲ್ಲದವನ ದುಡಿಮೆ ಯಾವ ಪುಸ್ತಕದಲ್ಲಿ ಬರೆಯಲ್ಪಟ್ಟಿತು?

ನಮ್ಮಜ್ಜಿ ಹರೆಯದಲ್ಲಿ ಸುಗ್ಗಿಯ ಕಾಲಕ್ಕೆ ಕಣದ ಅಂಚಿನಲ್ಲಿ ಮೊರ ಹಿಡಿದು ನಿಲ್ಲುತ್ತಿದ್ದರಂತೆ. ರಾಗಿ ಕೊಯ್ದವರಲ್ಲಿ, ಕಂತೆ ಹೊತ್ತವರಲ್ಲಿ, ಗಾಳಿ ನೋಡಿ ತೂರಿದವರಲ್ಲಿ ಅವರೂ ಒಬ್ಬರು. ರಾಶಿಯ ಪೂಜೆಯಾಗಿ, ಮೊದಲ ಕೊಳಗವನ್ನು ಒಂದು ಎನ್ನದೆ "ಲಾಭ" ಎಂದು ಎಣಿಸಿ, ಎಲ್ಲ ಅಳೆದು ಮುಗಿದ ಮೇಲೆ ಉಳಿದ ಮಣ್ಣುಗೂಡಿದ ರಾಗಿಯಲ್ಲಿ ಒಂದು ಮೊರದಷ್ಟು ಅವರ ಪಾಲು. ಅದನ್ನು ಸೆರಗೊಡ್ಡಿ ಪಡೆದು, "ನಿಮ್ಮ ಕಣ ಹುಲುಸಾಗಲಿ" ಎಂದು ಹರಸಿ ಬರಬೇಕು. ದುಡಿದವರು ಕೃತಜ್ಞರಾಗಿರಬೇಕು, ದುಡಿಸಿಕೊಂಡವರು ದಾನಿಗಳೆನಿಸಬೇಕು. ಅಜ್ಜಿ ಇದನ್ನು ಹೇಳುವಾಗ ಸಿಟ್ಟು ಮಾಡುವುದಿಲ್ಲ. "ಅವರು ಕೊಟ್ಟರು, ನಾವು ತಂದ್ವಿ, ನಿಮ್ಮಪ್ಪ ಉಂಡ" ಎನ್ನುತ್ತಾರೆ. ಸಿಟ್ಟು ಬರುವುದು ಪುಸ್ತಕ ಓದಿದ ನನಗೆ.

ಇದು ಒಂದು ಮನೆಯ ಕಥೆಯಲ್ಲ. ತೋಟಿ, ತಳವಾರ, ನೀರುಗಂಟಿ ಮೊದಲಾದವರು ವರ್ಷವಿಡೀ ಊರ ಕೆಲಸ ಮಾಡಿ ಸುಗ್ಗಿಯಲ್ಲಿ ಕಣಕಣಕ್ಕೆ ಹೋಗಿ ತಮ್ಮ ಆಯವನ್ನು ಕೇಳಿ ಪಡೆಯಬೇಕಾಗಿತ್ತು. ವಂಶಪಾರಂಪರ್ಯದ ಆ ಏರ್ಪಾಡನ್ನು ತೆಗೆದುಹಾಕಲು 1961ರಲ್ಲಿ ಗ್ರಾಮಾಧಿಕಾರ ರದ್ದತಿಯ ಕಾಯ್ದೆಯೇ ಬರಬೇಕಾಯಿತು. ಅದು ಜಾರಿಯಾದದ್ದು 1963ರಲ್ಲಿ. ಇನ್ನು ಜೀತದ ಮಾತನ್ನು ಕೇಳಿದರೆ ಅವಘಡಕ್ಕೂ ಕೃತಜ್ಞತೆಗೂ ಇದ್ದ ಘೋರವಾದ ನಂಟು ತಿಳಿಯುತ್ತದೆ. ಮನೆಯಲ್ಲಿ ಒಂದು ಕಾಯಿಲೆ, ಒಂದು ಸಾವು, ಒಂದು ಮದುವೆ. ಆಗ ಯಾರೋ ಕೈಯೆತ್ತಿ ಕೊಟ್ಟ ನೂರಿನ್ನೂರು ರೂಪಾಯಿ. ಅದರ ಉಪಕಾರ ತೀರಿಸಲು ಮಗ ದನ ಕಾಯಬೇಕು, ಮೊಮ್ಮಗನೂ ಕಾಯಬೇಕು. 1976ರಲ್ಲಿ ಜೀತ ನಿರ್ಮೂಲನದ ಕಾಯ್ದೆ ಬಂದ ಮೇಲೆ ಅಂಥ ಸಾಲಗಳು ಕಾನೂನಿನ ಕಣ್ಣಿನಲ್ಲಿ ಸತ್ತವು. ಹಳೆಯ ಹಗೇವಿನ ವಿಷಯವೂ ಹಾಗೆಯೇ. ನೆಲದಡಿಯ ಆ ಗುಂಡಿಯಲ್ಲಿ ರಾಗಿ ವರ್ಷಗಟ್ಟಲೆ ಕೆಡದೆ ಇರುತ್ತಿತ್ತು. ಬರಗಾಲದಲ್ಲಿ ಊರನ್ನು ಉಳಿಸುತ್ತಿತ್ತು. ಆದರೆ ಅದರೊಳಗೆ ಕೆಟ್ಟ ಗಾಳಿ ತುಂಬಿರುವುದರಿಂದ ಬಾಯಿ ತೆರೆದು ಗಾಳಿಯಾಡಿಸಿ, ದೀಪ ಇಳಿಸಿ, ಅದು ಆರದಿದ್ದರೆ ಮನುಷ್ಯ ಇಳಿಯಬೇಕು. ಇಳಿಯುತ್ತಿದ್ದವನು ಬಹುಮಟ್ಟಿಗೆ ಹಗೇವಿನ ಯಜಮಾನನಲ್ಲ, ಅವನ ಆಳು ಎಂದು ಹಿರಿಯರು ಹೇಳುತ್ತಾರೆ. ಹಗೇವು ಊರನ್ನು ಉಳಿಸಿತೆಂದು ಹೊಗಳುವ ನಾವು ಅದರೊಳಗೆ ಇಳಿದವನನ್ನು ನೆನೆಯುವುದಿಲ್ಲ.

ಕೃತಜ್ಞ ಎಂಬ ಸಂಸ್ಕೃತ ಪದವನ್ನು ಬಿಡಿಸಿ ನೋಡಿದರೆ ಮಾಡಿದ್ದನ್ನು ಬಲ್ಲವನು ಎಂದಾಗುತ್ತದೆ. ಬಾಯಿಂದ ಹೊಗಳುವವನು ಎಂದಾಗಲಿ ತಲೆ ಬಾಗುವವನು ಎಂದಾಗಲಿ ಅದರ ಅರ್ಥವಲ್ಲ. ಬಲ್ಲವನು, ಅಷ್ಟೆ. ಹಾಗಾದರೆ ಕೃತಜ್ಞತೆ ಒಂದು ಬಗೆಯ ತಿಳುವಳಿಕೆ. ತಿಳುವಳಿಕೆ ಸಂಪಾದಿಸುವುದಕ್ಕೆಂದೇ ಕಾಲೇಜಿಗೆ ಬಂದ ನಮಗೆ ಇದು ಪಠ್ಯದ ಹೊರಗಿನ ವಿಷಯವಾಗಲಾರದು. ಮುಯ್ಯಿಯ ಪುಸ್ತಕದಲ್ಲಿ ಹೆಸರಿಲ್ಲದವರ ಉಪಕಾರವನ್ನು ಬಲ್ಲವರಾಗುವುದು, ಬಲ್ಲ ಮೇಲೆ ರಟ್ಟೆಯಿಂದ ತೀರಿಸುವುದು, ಇದೇ ಪದವೀಧರನ ಮುಯ್ಯಿ ಎಂಬುದು ನನ್ನ ಅಭಿಪ್ರಾಯ. ಕೂಲಿಯವರ ಮಾತನ್ನು ಹೇಳಿದ್ದಾಯಿತು. ಅಂಥ ಹೆಸರಿಲ್ಲದವರು ಇನ್ನೂ ಎರಡು ಬಗೆಯವರಿದ್ದಾರೆ.

ಒಂದು ಬಗೆಯವರು ದಾರಿಯಲ್ಲಿ ಸಿಗುವ ಅಪರಿಚಿತರು. ಸುಗ್ಗಿಯ ದಿನಗಳಲ್ಲಿ ನಮ್ಮ ಹಳ್ಳಿರಸ್ತೆಗಳೇ ಕಣಗಳಾಗುತ್ತವೆ. ಹುರುಳಿಯನ್ನೂ ರಾಗಿಯನ್ನೂ ಡಾಂಬರಿನ ಮೇಲೆ ಹಾಸಿ, ಬಸ್ಸು ಲಾರಿಗಳ ಗಾಲಿಗಳಿಂದ ಒಕ್ಕಿಸಿಕೊಳ್ಳುತ್ತೇವೆ. ಸ್ಕೂಟರಿನವನು ಹುಲ್ಲಿನ ಮೇಲೆ ಜಾರಿ ಬೀಳುತ್ತಾನೆ. ಕಾರಿನ ಅಡಿಗೆ ಹುರುಳಿ ಸೊಪ್ಪು ಸುತ್ತಿಕೊಂಡು, ಸೈಲೆನ್ಸರಿನ ಶಾಖಕ್ಕೆ ಹೊತ್ತಿಕೊಂಡು, ನೋಡನೋಡುತ್ತ ಕಾರೇ ಉರಿದುಹೋಗುವುದುಂಟು. ರಸ್ತೆಯ ಮೇಲೆ ಒಕ್ಕಣೆ ಮಾಡಕೂಡದೆಂದು ಪೊಲೀಸರು ಎಚ್ಚರಿಸುತ್ತಾರೆ. ಹಾಗೆ ಎಚ್ಚರಿಸುವುದು ಸರಿಯೇ. ಪೇಟೆಯವರು ಇದನ್ನು ರೈತನ ಸೋಮಾರಿತನವೆನ್ನುತ್ತಾರೆ. ಅದನ್ನು ಮಾತ್ರ ನಾನು ಒಪ್ಪಲಾರೆ. ಒಂದು ಕಣವೆಂದರೆ ನೆಲ ಕೆತ್ತಿ, ನೀರು ಚಿಮುಕಿಸಿ, ದನ ತುಳಿಸಿ, ಸಗಣಿ ಬಗ್ಗಡ ಬಳಿದು, ಒಣಗಿಸಿ ಸಿದ್ಧಮಾಡಬೇಕಾದ ಜಾಗ. ಅದಕ್ಕೆ ನಾಲ್ಕಾರು ದಿನದ ಕೆಲಸ ಬೇಕು, ಎತ್ತು ಬೇಕು, ಎಲ್ಲಕ್ಕಿಂತ ಮಿಗಿಲಾಗಿ ಜಾಗ ಬೇಕು. ಹಿಸ್ಸೆಯಾಗಿ ಹಿಸ್ಸೆಯಾಗಿ ಎಕರೆಗೆ ಇಳಿದ ಹೊಲದಲ್ಲಿ ಜಾಗವೆಲ್ಲಿ? ಎತ್ತು ಮಾರಿದ ಮನೆಯಲ್ಲಿ ಕಲ್ಲುಗುಂಡು ಎಳೆಯುವವರು ಯಾರು? ಒಕ್ಕಣೆ ಯಂತ್ರಕ್ಕೆ ಗಂಟೆಯ ಲೆಕ್ಕದಲ್ಲಿ ಬಾಡಿಗೆ ತೆರಬೇಕು. ಆದಕಾರಣ ಬೀಳುವ ಸವಾರನೂ ಹಾಸುವ ರೈತನೂ ಇಬ್ಬರೂ ಒಂದೇ ಕೊರತೆಯ ಮಕ್ಕಳು.

ಬಿದ್ದವನನ್ನು ಎತ್ತುವವರು ಯಾರು? ಬಹುತೇಕ ಆ ರಾಗಿ ಹಾಸಿದವರೇ ಓಡಿಬಂದು ಎತ್ತುತ್ತಾರೆ, ಅರಿಸಿನ ಹಚ್ಚುತ್ತಾರೆ, ನೀರು ಕೊಡುತ್ತಾರೆ. ನಮ್ಮ ಮಧುಗಿರಿ ಬೆಟ್ಟದಲ್ಲಿಯೂ ಇದನ್ನೇ ಕಾಣುತ್ತೇವೆ. ಡಿಸೆಂಬರ್ ರಜಕ್ಕೆ ಬೆಂಗಳೂರಿನ ಕಡೆಯಿಂದ ಬರುವವರು ಆ ಏಕಶಿಲೆಯನ್ನು ತಪ್ಪಲಿನಿಂದ ನೋಡಿ ಸುಲಭವೆಂದು ತಿಳಿದು, ಬಿಸಿಲೇರಿದ ಮೇಲೆ ಹತ್ತಲು ತೊಡಗಿ, ನೀರು ಮುಗಿದು, ನಡುದಾರಿಯ ಕಡಿದಾದ ಬಂಡೆಯಲ್ಲಿ ಕೂತುಬಿಡುತ್ತಾರೆ. ಕೋತಿ ಅವರ ಚೀಲವನ್ನು ಕಿತ್ತುಕೊಂಡು ಕೋಟೆಯ ಗೋಡೆಯ ಮೇಲೆ ಕುಳಿತಿರುತ್ತದೆ. ಕೈಹಿಡಿದು ಇಳಿಸಿ ತರುವವರು ತಪ್ಪಲಿನ ಓಣಿಯ ಹುಡುಗರು. ಇವರ ಹೆಸರನ್ನು ಅವರು ಕೇಳುವುದಿಲ್ಲ, ಇವರೂ ಹೇಳುವುದಿಲ್ಲ. ಮತ್ತೆ ಭೇಟಿಯಾಗುವ ಸಂಭವವೇ ಇಲ್ಲದಿರುವಾಗ ಇಲ್ಲಿ ಮುಯ್ಯಿ ತೀರುವುದು ಹೇಗೆ? ನನಗೆ ತೋಚುವ ಉತ್ತರ ಒಂದೇ. ಕೊಟ್ಟವನಿಗೆ ತೀರಿಸಲು ಆಗದಿದ್ದರೆ ಮುಂದೆ ಸಿಕ್ಕವನಿಗೆ ತೀರಿಸತಕ್ಕದ್ದು.

ಇದಕ್ಕೆ ನಮ್ಮ ಜಿಲ್ಲೆಯ ಒಂದು ಉದಾಹರಣೆಯನ್ನು ಎಲ್ಲ ವಿದ್ಯಾರ್ಥಿಗಳೂ ತಿಳಿದಿರಬೇಕು. 2016ರ ಫೆಬ್ರವರಿ 16ರಂದು ಗುಬ್ಬಿ ತಾಲ್ಲೂಕಿನ ಹರೀಶ್ ಎಂಬ ತರುಣ ಊರಿನಲ್ಲಿ ಪಂಚಾಯಿತಿ ಚುನಾವಣೆಗೆ ಮತ ಹಾಕಿ ಬೈಕಿನಲ್ಲಿ ಬೆಂಗಳೂರಿಗೆ ಮರಳುತ್ತಿದ್ದಾಗ ನೆಲಮಂಗಲದ ಬಳಿ ಲಾರಿಗೆ ಸಿಕ್ಕಿ ದೇಹವೇ ಎರಡಾಯಿತು. ಆ ಸ್ಥಿತಿಯಲ್ಲಿಯೂ ಅವರು ತಮ್ಮ ಅಂಗಗಳನ್ನು ದಾನ ಮಾಡಿರೆಂದು ಕೇಳಿಕೊಂಡರು; ಅವರ ಕಣ್ಣುಗಳು ದಾನವಾದವು. ಸುತ್ತ ನೆರೆದವರಲ್ಲಿ ಕೆಲವರು ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದರೆಂಬ ಸುದ್ದಿ ಓದಿದರೆ ಎದೆ ನಡುಗುತ್ತದೆ. ನೆರವು ಬೇಡುವ ಹೊತ್ತಿನಲ್ಲಿ ಆ ತರುಣ ಮುಂದಿನವರಿಗೆ ಕೊಟ್ಟುಹೋದರು. ಆ ವರ್ಷದ ಮಾರ್ಚಿನಲ್ಲಿ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿಯೇ, ಅಪಘಾತಕ್ಕೀಡಾದವರಿಗೆ ಮೊದಲ 48 ಗಂಟೆಗಳ ಕಾಲ 25,000 ರೂಪಾಯಿವರೆಗೆ ಉಚಿತ ಚಿಕಿತ್ಸೆ ಕೊಡುವ ಸಾಂತ್ವನ ಯೋಜನೆಯನ್ನು ಆರಂಭಿಸಿತು. ಒಂದು ರಾಜ್ಯ ಒಬ್ಬ ತರುಣನಿಗೆ ತೀರಿಸಿದ ಮುಯ್ಯಿ ಅದು ಎಂದರೆ ತಪ್ಪಾಗಲಾರದು.

ನೆರವಿಗೆ ಹೋದರೆ ಪೊಲೀಸು, ಕೋರ್ಟು ಎಂದು ಅಲೆಯಬೇಕಾದೀತೆಂಬ ಭಯ ನಮ್ಮವರಲ್ಲಿ ಇನ್ನೂ ಹೋಗಿಲ್ಲ. ಆ ಭಯಕ್ಕೆ ಇಂದು ಆಧಾರವಿಲ್ಲ. ನೆರವಾದವರನ್ನು ರಕ್ಷಿಸುವ ನಿಯಮಗಳನ್ನು ಪಾಲಿಸಲೇಬೇಕೆಂದು ಸುಪ್ರೀಂ ಕೋರ್ಟು 2016ರ ಮಾರ್ಚ್ 30ರಂದು ಹೇಳಿತು. ನಮ್ಮ ರಾಜ್ಯ ಅದೇ ವರ್ಷ ಇದಕ್ಕಾಗಿ ಪ್ರತ್ಯೇಕ ಕಾಯ್ದೆ ಮಾಡಿತು. ಅದಕ್ಕೆ 2018ರಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೂ ಇಂಥ ವಿಧಿ ಸೇರಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವನು ತನ್ನ ಹೆಸರನ್ನು ಹೇಳಲೇಬೇಕೆಂದಿಲ್ಲ; ಅವನನ್ನು ಅಲ್ಲಿಯೇ ನಿಲ್ಲಿಸಿಕೊಳ್ಳುವಂತಿಲ್ಲ; ಸಾಕ್ಷಿಯಾಗುವುದು ಅವನ ಇಚ್ಛೆ. 108ರ ಆಂಬುಲೆನ್ಸು ನಮ್ಮ ರಾಜ್ಯದಲ್ಲಿ 2008ರ ನವೆಂಬರ್ 1ರಿಂದ ಓಡುತ್ತಿದೆ. ಈ ನಾಲ್ಕು ಮಾತುಗಳನ್ನು ಪ್ರತಿಯೊಬ್ಬ ವಿದ್ಯಾರ್ಥಿಯೂ ತನ್ನ ಊರಿನ ಅರಳಿಕಟ್ಟೆಯಲ್ಲಿ ಕುಳಿತು ಹೇಳಿದರೆ, ಅದರಿಂದ ಉಳಿಯುವ ಜೀವ ಯಾರದೋ ಏನೋ, ಯಾರು ಬಲ್ಲರು?

ಹೆಸರಿಲ್ಲದ ಇನ್ನೊಂದು ಬಗೆಯವರು ನಮ್ಮನ್ನು ಓದಿಸಿದವರು. ನಮ್ಮಪ್ಪ ಅಮ್ಮ ಓದಿಸಿದರು ಎಂದು ನಾವೆಲ್ಲ ಹೇಳುತ್ತೇವೆ, ಅದು ನಿಜ. ಆದರೆ ಅಷ್ಟೇ ನಿಜವಲ್ಲ. ಮನೆತನದಲ್ಲಿ ಮೊದಲ ಬಾರಿಗೆ ಪದವಿಯ ಬಾಗಿಲಿಗೆ ಬಂದ ನನ್ನಂಥವರು ಕುಳಿತ ಬೆಂಚು, ಓದಿದ ಗ್ರಂಥಾಲಯ, ಹಾಸ್ಟೆಲ್ಲಿನಲ್ಲಿ ಉಂಡ ಮುದ್ದೆ, ಕೈಗೆ ಬಂದ ವಿದ್ಯಾರ್ಥಿವೇತನ, ಇವೆಲ್ಲ ಸರ್ಕಾರದ್ದು. ಸರ್ಕಾರಕ್ಕೆ ಹಣ ಎಲ್ಲಿಂದ ಬರುತ್ತದೆ? ತೆರಿಗೆ ಕೊಡುವವರು ಪಟ್ಟಣದ ಶ್ರೀಮಂತರು ಮಾತ್ರವೆಂಬ ಭಾವನೆ ನಮ್ಮಲ್ಲಿದೆ. 2017ರ ಜುಲೈ 1ರಿಂದ ಜಾರಿಯಲ್ಲಿರುವ ಸರಕು ಮತ್ತು ಸೇವಾ ತೆರಿಗೆಯನ್ನು ಅರ್ಥಶಾಸ್ತ್ರದ ತರಗತಿಯಲ್ಲಿ ಓದಿದವರು ಹಾಗೆ ತಿಳಿಯುವಂತಿಲ್ಲ. ಸಂಜೆ ಕೂಲಿ ಪಡೆದು ಅಂಗಡಿಗೆ ಹೋಗಿ ಸೋಪು, ಬೆಂಕಿಪೊಟ್ಟಣ, ಕಾಲಿಗೊಂದು ಹವಾಯಿ ಚಪ್ಪಲಿ ಕೊಳ್ಳುವ ಹೆಂಗಸೂ ತೆರಿಗೆ ತೆರುತ್ತಾಳೆ. ಆಕೆಗೆ ಅದು ಗೊತ್ತಿಲ್ಲ, ನಮಗೆ ಗೊತ್ತಿದೆ. ಗೊತ್ತಿದ್ದೂ ಆಕೆಯ ಮುಂದೆ ಹಾದುಹೋಗುವಾಗ ನಾವು ಓದಿದವರೆಂದು ಎದೆ ಸೆಟೆಸಿ ನಡೆದರೆ ಅದಕ್ಕೆ ಕೃತಘ್ನತೆ ಎಂದಲ್ಲದೆ ಬೇರೆ ಹೆಸರಿಲ್ಲ. ನಮ್ಮಜ್ಜಿ ಮಣ್ಣುಗೂಡಿದ ರಾಗಿಗೆ ಸೆರಗೊಡ್ಡಿ ಹರಸಿ ಬಂದರು. ನನಗೆ ಬೆಂಚು ಕೊಟ್ಟ ಕೂಲಿ ಹೆಂಗಸಿಗೆ ನಾನು ಹರಕೆಯನ್ನೂ ಹೇಳಿಲ್ಲ.

ಹಾಗಾದರೆ ಏನು ಮಾಡಬೇಕು? ಬರಿಯ ಭಾವುಕತೆಯಿಂದ ಪ್ರಯೋಜನವಿಲ್ಲ. ಮುಂದಿನ ಚಳಿಗಾಲದ ರಜಕ್ಕಾಗಿ ನಾನು ಸೋದರ ವಿದ್ಯಾರ್ಥಿಗಳ ಮುಂದೆ ಮೂರು ಸಲಹೆಗಳನ್ನು ಇಡುತ್ತೇನೆ. ಗುರುವೃಂದವೂ ಇವನ್ನು ಪರಿಶೀಲಿಸಬೇಕೆಂದು ಬೇಡುತ್ತೇನೆ.

ಮೊದಲನೆಯದು ಕಣ. ರಾಷ್ಟ್ರೀಯ ಸೇವಾ ಯೋಜನೆ ಗಾಂಧೀಜಿಯವರ ಜನ್ಮಶತಾಬ್ದಿಯ ವರ್ಷವಾದ 1969ರ ಸೆಪ್ಟೆಂಬರ್ 24ರಂದು 37 ವಿಶ್ವವಿದ್ಯಾನಿಲಯಗಳಲ್ಲಿ ಆರಂಭವಾಯಿತು. ಅದರ ಸ್ವಯಂಸೇವಕರು ಎರಡು ವರ್ಷಗಳಲ್ಲಿ 240 ಗಂಟೆಗಳ ಸೇವೆ ಸಲ್ಲಿಸಬೇಕು. ಏಳು ದಿನಗಳ ವಿಶೇಷ ಶಿಬಿರವೂ ಉಂಟು. ಶಿಬಿರದಲ್ಲಿ ಶಾಲೆಯ ಗೋಡೆಗೆ ಸುಣ್ಣ ಬಳಿಯುತ್ತೇವೆ, ದೇವಸ್ಥಾನದ ಅಂಗಳ ಗುಡಿಸುತ್ತೇವೆ, ಕೊನೆಯ ದಿನ ನಾಟಕ ಆಡಿ ಬರುತ್ತೇವೆ. ಇವು ಒಳ್ಳೆಯವೇ. ಆದರೆ ಕುಯ್ಲಿಗೆ ಮೊದಲು ಒಂದು ಹಳ್ಳಿಯಲ್ಲಿ ಎಲ್ಲರೂ ಬಳಸಬಹುದಾದ ಒಂದು ಸಾಮೂಹಿಕ ಕಣವನ್ನು ನಾವು ಸಿದ್ಧಮಾಡಿಕೊಟ್ಟರೆ, ಆ ವರ್ಷ ಆ ಊರಿನ ರಸ್ತೆಯಲ್ಲಿ ಬೀಳುವ ಸವಾರರ ಸಂಖ್ಯೆ ಇಳಿಯುವುದಲ್ಲವೆ? ಉದ್ಯೋಗ ಖಾತರಿಯ ಹಣದಿಂದ ಒಕ್ಕಣೆ ಕಣ ಕಟ್ಟಿಸಿದ ಪಂಚಾಯಿತಿಗಳು ನಮ್ಮ ರಾಜ್ಯದಲ್ಲಿವೆ. ಗ್ರಾಮಸಭೆಗೆ ಹೋಗಿ ಅರ್ಜಿ ಬರೆದು ಕೇಳುವವರು ಬೇಕು. ಬಿ.ಎ. ಓದಿಯೂ ಒಂದು ಅರ್ಜಿ ಬರೆಯಲಾರೆವೆಂದರೆ ಯಾರು ನಂಬುತ್ತಾರೆ? ಆ ಕಣದಲ್ಲಿ ಮೊದಲ ಸರದಿ ಹೊಲ ಕಡಿಮೆಯಿದ್ದವರದಾಗಿರಲಿ.

ಎರಡನೆಯದು ಪ್ರಥಮ ಚಿಕಿತ್ಸೆ. ರಜಕ್ಕೆ ಹೊರಡುವ ಮುನ್ನ ಒಂದು ಮಧ್ಯಾಹ್ನ, ಆಸ್ಪತ್ರೆಯವರನ್ನು ಕರೆಸಿ ರಕ್ತ ನಿಲ್ಲಿಸುವುದು, ಮುರಿದ ಕೈಗೆ ದಬ್ಬೆ ಕಟ್ಟುವುದು, ಸುಟ್ಟ ಗಾಯಕ್ಕೆ ತಣ್ಣೀರು ಹಾಕುವುದು, ಹಾವು ಕಚ್ಚಿದರೆ ಮಂತ್ರಕ್ಕೆ ಕಾಯದೆ ಆಸ್ಪತ್ರೆಗೆ ಸಾಗಿಸುವುದು, ಇಷ್ಟನ್ನು ಕಲಿಸಿದರೆ ಸಾಕು. ಕಂತೆಯ ಅಡಿಯಲ್ಲಿ ಹಾವಿರುವುದು ಸುಗ್ಗಿಯಲ್ಲಿ ಅಪರೂಪವಲ್ಲ.

ಮೂರನೆಯದು ಎಲ್ಲಕ್ಕಿಂತ ಸಣ್ಣದು, ಎಲ್ಲಕ್ಕಿಂತ ಕಷ್ಟದ್ದು. ನಮ್ಮ ಮನೆಯ ಬಣವೆಗೆ ಬಿಂದಿಗೆ ಹಿಡಿದು ಬಂದವರು ಯಾರು, ನಮ್ಮ ಹೊಲದಲ್ಲಿ ಬಾಗಿದ ಬೆನ್ನುಗಳು ಯಾವುವು ಎಂದು ತಾಯಿಯನ್ನೋ ಅಜ್ಜಿಯನ್ನೋ ಕೇಳಿ ಹೆಸರು ಹೆಸರಾಗಿ ತಿಳಿದುಕೊಳ್ಳುವುದು. ರಜದಲ್ಲಿ ಒಂದು ದಿನ ಅವರ ಮನೆಯ ಕೆಲಸಕ್ಕೆ ಹೋಗುವುದು. ಸೂರು ಹೊದೆಸುವುದಿರಬಹುದು, ಮಗುವಿಗೆ ಲೆಕ್ಕ ಹೇಳಿಕೊಡುವುದಿರಬಹುದು, ಪಿಂಚಣಿಯ ಕಾಗದ ಓದಿ ಹೇಳುವುದಿರಬಹುದು. ಹೋದಾಗ ಅವರು ಕೊಟ್ಟ ನೀರನ್ನು ಕುಡಿಯಬೇಕು, ಬಡಿಸಿದ್ದನ್ನು ಉಣ್ಣಬೇಕು. ಮುಯ್ಯಾಳಿಗೆ ಊಟ ಹಾಕುವುದು ಪದ್ಧತಿ ಎಂದು ಮೊದಲೇ ಹೇಳಿದೆನಷ್ಟೆ. ಒಟ್ಟಿಗೆ ಕುಳಿತು ಉಣ್ಣದ ಮುಯ್ಯಿ ಮುಯ್ಯಿಯಲ್ಲ.

ಇದನ್ನು ಓದಿ ಕೆಲವು ಮಿತ್ರರು, "ಇದೆಲ್ಲ ಪುಸ್ತಕದ ಮಾತು, ಈಗಿನ ಕಾಲದಲ್ಲಿ ಕೂಲಿಗೆ ದುಡ್ಡು ಕೊಟ್ಟಮೇಲೆ ಋಣವೆಲ್ಲಿ?" ಎಂದು ಕೇಳಬಹುದು. ಕೂಲಿ ಸರಿಯಾಗಿ ಕೊಡುವುದು ಮೊದಲ ಧರ್ಮ. ಕೃತಜ್ಞತೆಯ ಹೆಸರಿನಲ್ಲಿ ಕೂಲಿ ಕಡಿತ ಮಾಡುವುದನ್ನು ನಾನು ಹೇಳುತ್ತಿಲ್ಲ. ಆದರೆ ದುಡ್ಡು ಕೊಟ್ಟು ಕೊಳ್ಳಲಾಗದ್ದು ಒಂದಿದೆ. ರಾತ್ರಿ ಹತ್ತು ಗಂಟೆಗೆ ಮೋಡ ಕವಿದಾಗ ಟಾರ್ಪಾಲು ಹೊತ್ತು ಓಡಿಬರುವ ಮನಸ್ಸಿಗೆ ಯಾವ ಸಂತೆಯಲ್ಲಿಯೂ ದರ ಕಟ್ಟಿಲ್ಲ. ರಾಗಿಗೆ ಕೇಂದ್ರ ಸರ್ಕಾರ ಬೆಂಬಲ ಬೆಲೆ ಗೊತ್ತುಮಾಡುತ್ತದೆ. 2024-25ರಲ್ಲಿ ಕ್ವಿಂಟಾಲಿಗೆ 4,290 ರೂಪಾಯಿಯಿತ್ತು, 2025-26ಕ್ಕೆ 4,886 ಎಂದಾಯಿತು. ಆ ಕ್ವಿಂಟಾಲನ್ನು ಮಳೆಯಿಂದ ಉಳಿಸಿಕೊಟ್ಟವನ ಬೆಲೆಯನ್ನು ಗೊತ್ತುಮಾಡುವುದು ನಮಗೇ ಸೇರಿದ್ದು.

ಸಂಕ್ರಾಂತಿಯ ದಿನ ಎಳ್ಳು ಬೀರುವುದು ನಮ್ಮಲ್ಲಿ ಪದ್ಧತಿ. ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಕಾಯಿ ಬೀಜ, ಹುರಿಗಡಲೆ ಬೆರೆಸಿ, ಕಬ್ಬಿನ ಜಲ್ಲೆಯೊಂದಿಗೆ ತಟ್ಟೆಯಲ್ಲಿಟ್ಟು ಮನೆಮನೆಗೆ ಕೊಟ್ಟುಬರುತ್ತಾರೆ. ತಟ್ಟೆಯನ್ನು ಯಾರೂ ಬರಿದಾಗಿ ಹಿಂದಿರುಗಿಸುವುದಿಲ್ಲ. ತಮ್ಮ ಮನೆಯ ಎಳ್ಳನ್ನು ಇಟ್ಟೇ ಕಳುಹಿಸುತ್ತಾರೆ. ಇದೂ ಮುಯ್ಯಿಯೇ. ಈಗ ಕಬ್ಬು ಮಡಕೆಗಳ ಚಿತ್ರವಿರುವ ಶುಭಾಶಯ ಬೆಳಗಾಗುವ ಮುನ್ನವೇ ನೂರಾರು ಮಂದಿಯ ಮೊಬೈಲಿಗೆ ಹೋಗುತ್ತದೆ. ಊರ ಕೊನೆಯ ಕೇರಿಗೆ ಮಾತ್ರ ತಟ್ಟೆ ಹೋಗುವುದಿಲ್ಲ. ಸುಗ್ಗಿಯ ಅಷ್ಟೂ ದಿನ ನಮ್ಮ ಅವಘಡಗಳಿಗೆ ಒದಗಿದ ಕೈಗಳು ಹೆಚ್ಚಾಗಿ ಆ ಕೇರಿಯವು. ಮುಂದಿನ ಸಂಕ್ರಾಂತಿಗೆ ನಮ್ಮ ಕಾಲೇಜಿನ ವಿದ್ಯಾರ್ಥಿ ವಿದ್ಯಾರ್ಥಿನಿಯರು ತಮ್ಮ ತಮ್ಮ ಊರಿನಲ್ಲಿ ಮೊದಲ ತಟ್ಟೆಯನ್ನು ಆ ಕೇರಿಗೆ ಒಯ್ಯಲಿ. ಅಲ್ಲಿಂದ ಬರುವ ಎಳ್ಳನ್ನು ಮನೆಗೆ ತಂದು ಎಲ್ಲರ ಮುಂದೆ ತಿನ್ನಲಿ. ಬೇಡವೆನ್ನುವ ಹಿರಿಯರಿದ್ದರೆ ವಿನಯದಿಂದಲೇ ತಿಳಿಯಹೇಳಲಿ. ಹಾಗೆ ಮಾಡಿ ಬಂದವರು, ರಜದಲ್ಲಿ ಏನು ಮಾಡಿದಿರಿ ಎಂದು ಅಧ್ಯಾಪಕರು ಕೇಳಿದಾಗ ಹೇಳಲು ಒಂದು ಒಳ್ಳೆಯ ಮಾತನ್ನು ತಂದಿರುತ್ತಾರೆ.